ಕಾಡಿನ ವಿದ್ಯೆ

ಬೆಂಕಿಕಡ್ಡಿಯನ್ನು ಗೀರಿದ ಕ್ಷಣದಲ್ಲೇ ಬೆಂಕಿ ಹೊತ್ತುತ್ತದೆ. ಅದು ಗೀರಿದವನ ಜಾಣ್ಮೆಯಲ್ಲ. ಕಾರ್ಖಾನೆಯಲ್ಲಿ ಕಡ್ಡಿಯ ತುದಿಗೆ ಹಚ್ಚಿದ ಮದ್ದಿನ ಗುಣ. ಆ ಕಡ್ಡಿಯೂ ಇಲ್ಲದ ಕಾಡಿನಲ್ಲಿ ಮಳೆ ಚಳಿಗಳ ನಡುವೆ ಒಬ್ಬನೇ ಉಳಿದರೆ, ಎಷ್ಟು ಓದಿದವನೂ ಅಸಹಾಯನಾಗುತ್ತಾನೆ. ಆದಿಮಾನವರು ಪಳಗಿಸಿಕೊಂಡಿದ್ದ ಇಂತಹ ವಿದ್ಯೆಗಳನ್ನು ಇಪ್ಪತ್ತನೆಯ ಶತಮಾನದ ಮಹಾನಗರವೊಂದರ ಜನರಿಗೆ ಮಾಡಿ ತೋರಿಸಿದವನು ಇಶಿ.

ಅಮೆರಿಕದ ಕ್ಯಾಲಿಫೋರ್ನಿಯದ ಉತ್ತರ ಭಾಗದಲ್ಲಿ, ಲಾಸೆನ್ ಪರ್ವತದ ತಪ್ಪಲಿನ ಕಣಿವೆಗಳಲ್ಲಿ, ಯಾಹಿ ಎಂಬ ಮೂಲನಿವಾಸಿಗಳು ಬಾಳುತ್ತಿದ್ದರು. 1848ರಲ್ಲಿ ಆ ಸೀಮೆಯಲ್ಲಿ ಚಿನ್ನ ದೊರೆಯಿತು. ಹೊನ್ನಿನಾಸೆಯಿಂದ ಬಂದ ವಲಸೆಗಾರರು ಮೂಲನಿವಾಸಿಗಳ ಬೇಟೆಯ ನೆಲೆಗಳನ್ನು ಆಕ್ರಮಿಸಿದರು. 1860ರ ದಶಕದಲ್ಲಿ ಯಾಹಿಗಳನ್ನು ಗುಂಪುಗುಂಪಾಗಿ ಕೊಂದರು. ಅಳಿದುಳಿದ ಕೆಲವೇ ಮಂದಿ ಸುಮಾರು ನಲವತ್ತು ವರ್ಷಗಳ ಕಾಲ ಅಡಗಿ ಬಾಳಿದರು. ಹೆಜ್ಜೆಗುರುತು ಮೂಡದಂತೆ ಬಂಡೆಯಿಂದ ಬಂಡೆಗೆ ಹಾರಿ ನಡೆದರು. ಹೊಗೆ ಕಾಣದಂತೆ ಕಿರಿದಾದ ಬೆಂಕಿಯಲ್ಲಿ ಅಡಿಗೆ ಮಾಡಿದರು. ಕೊನೆಗೆ ಉಳಿದವನು ಒಬ್ಬನೇ. 1911ರ ಆಗಸ್ಟ್ ತಿಂಗಳಲ್ಲಿ ಆತನು ಹಸಿವಿನಿಂದ ಬಳಲಿ ಓರೋವಿಲ್ ಎಂಬ ಊರಿನ ಕಸಾಯಿಖಾನೆಯ ಬಳಿ ಕಾಣಿಸಿಕೊಂಡನು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಮಾನವಶಾಸ್ತ್ರಜ್ಞರು ಆತನನ್ನು ಸಾನ್ ಫ್ರಾನ್ಸಿಸ್ಕೋ ನಗರದ ತಮ್ಮ ವಸ್ತುಸಂಗ್ರಹಾಲಯಕ್ಕೆ ಕರೆತಂದರು. ಆತನು ತನ್ನ ಹೆಸರನ್ನು ಯಾರಿಗೂ ಹೇಳಲಿಲ್ಲ. ಆತನ ಭಾಷೆಯಲ್ಲಿ 'ಇಶಿ' ಎಂದರೆ ಮನುಷ್ಯ. ಅದೇ ಆತನ ಹೆಸರಾಯಿತು.

ಭಾನುವಾರದ ಮಧ್ಯಾಹ್ನಗಳಲ್ಲಿ ಇಶಿಯು ಅಲ್ಲಿ ಬೆಂಕಿ ಹುಟ್ಟಿಸುವುದನ್ನು ನೋಡಲು ಜನ ನೆರೆಯುತ್ತಿದ್ದರು. ಮೆತ್ತನೆಯ ಮರದ ಸಣ್ಣ ಹಲಗೆಯಲ್ಲಿ ಒಂದು ಗುಳಿ. ಗುಳಿಯ ಅಂಚಿನಲ್ಲಿ ಒಂದು ಸೀಳು. ಗುಳಿಯಲ್ಲಿ ಕೋಲನ್ನು ನಿಲ್ಲಿಸಿ, ಎರಡು ಅಂಗೈಗಳ ನಡುವೆ ಹಿಡಿದು ರಭಸದಿಂದ ಹೊಸೆಯಬೇಕು. ಘರ್ಷಣೆಯಿಂದ ಸವೆದ ಮರದ ಹುಡಿಯು ಸೀಳಿನಲ್ಲಿ ಕೂಡಿ, ಕಂದುಬಣ್ಣಕ್ಕೆ ತಿರುಗಿ, ಕಪ್ಪಾಗಿ, ಹೊಗೆಯಾಡಿ, ಕಡೆಗೆ ಕಿಡಿಯಾಗುತ್ತದೆ. ಆ ಕಿಡಿಯನ್ನು ಒಣಹುಲ್ಲಿನ ಮೇಲೆ ಸುರಿದು ಮೆಲ್ಲಗೆ ಊದಿದರೆ ಜ್ವಾಲೆ ಏಳುತ್ತದೆ. ಭಾರತದ ಯಜ್ಞಶಾಲೆಗಳಲ್ಲಿ ಅರಣಿಯನ್ನು ಕಡೆದು ಅಗ್ನಿಯನ್ನು ಪಡೆಯುವ ಕ್ರಮಕ್ಕೂ ಇದೇ ತತ್ತ್ವವೇ ಆಧಾರ. ತೋಳಿನ ಬಲವೊಂದೇ ಇಲ್ಲಿ ಸಾಲದು. ಯಾವ ಮರ ತಕ್ಕದ್ದು, ಅದು ಎಷ್ಟು ಒಣಗಿರಬೇಕು ಎಂಬುದು ತಿಳಿಯದಿದ್ದರೆ ಅಂಗೈ ಬೊಬ್ಬೆಯೇಳುವುದೇ ಹೊರತು ಬೆಂಕಿ ಏಳದು.

ಬಿಲ್ಲುಬಾಣಗಳ ವಿಷಯವೂ ಹೀಗೆಯೇ. ಇಶಿಯು ಜೂನಿಪರ್ ಮರದಿಂದ ಬಿಲ್ಲನ್ನು ಕೆತ್ತಿ, ಮುರಿಯದಿರಲೆಂದು ಅದರ ಬೆನ್ನಿಗೆ ಜಿಂಕೆಯ ಸ್ನಾಯುತಂತುಗಳನ್ನು ಅಂಟಿಸುತ್ತಿದ್ದನು. ಜ್ವಾಲಾಮುಖಿಯ ಗಾಜುಗಲ್ಲನ್ನೋ ಒಡೆದ ಸೀಸೆಯ ಚೂರನ್ನೋ ಜಿಂಕೆಕೊಂಬಿನ ತುದಿಯಿಂದ ಒತ್ತಿ ಒತ್ತಿ ಚಕ್ಕೆಯೆಬ್ಬಿಸಿ ಬಾಣದ ಮೊನೆಯನ್ನು ಮಾಡುತ್ತಿದ್ದನು. ಸ್ಯಾಕ್ಸ್‌ಟನ್ ಪೋಪ್ ಎಂಬ ಶಸ್ತ್ರವೈದ್ಯನು ಆತನಿಗೆ ಗೆಳೆಯನಾಗಿ, ಬಳಿಕ ಶಿಷ್ಯನೂ ಆದನು. ಗುರಿಯಿಡುವುದಷ್ಟೇ ಬೇಟೆಯಲ್ಲವೆಂದು ಪೋಪನಿಗೆ ಬೇಗನೆ ತಿಳಿಯಿತು. ಬೇಟೆಯ ಹಿಂದಿನ ದಿನ ಇಶಿಯು ಮೀನನ್ನು ತಿನ್ನುತ್ತಿರಲಿಲ್ಲ, ಹೊಗೆಬತ್ತಿಯನ್ನು ಮುಟ್ಟುತ್ತಿರಲಿಲ್ಲ. ಮುಂಜಾನೆ ತೊರೆಯಲ್ಲಿ ಮಿಂದು ಮೈಗೆ ಪರಿಮಳದ ಎಲೆಗಳನ್ನು ಉಜ್ಜಿಕೊಳ್ಳುತ್ತಿದ್ದನು. ಮೃಗದ ಮೂಗು ಮನುಷ್ಯನ ವಾಸನೆಯನ್ನು ದೂರದಿಂದಲೇ ಅರಿಯುವುದೆಂದು ಆತನಿಗೆ ಗೊತ್ತಿತ್ತು.

1914ರಲ್ಲಿ ಪೋಪನೂ ಮಾನವಶಾಸ್ತ್ರಜ್ಞರೂ ಇಶಿಯೊಡನೆ ಆತನ ಹುಟ್ಟುನೆಲಕ್ಕೆ ಹೋದರು. ತನ್ನವರು ಅಳಿದ ಆ ಕಣಿವೆಯಲ್ಲಿ ಇಶಿಯು ಅವರಿಗೆ ಒಂದೊಂದು ತಾಣದ ಹೆಸರನ್ನು ಹೇಳಿದನು. ಗಿಡಮೂಲಿಕೆಗಳನ್ನು ತೋರಿಸಿ ಅವುಗಳ ಉಪಯೋಗವನ್ನು ತಿಳಿಸಿದನು. ಹೊರಗಿನವರಿಗೆ ನಿರ್ಜನ ಅರಣ್ಯವಾಗಿ ಕಂಡದ್ದು ಆತನಿಗೆ ಮನೆಯಾಗಿತ್ತು. ಕುಲವನ್ನು ಕಳೆದುಕೊಂಡವನು, ಅದನ್ನು ಅಳಿಸಿದವರ ನಾಡಿನ ಜನರಿಗೇ ಕುಲವಿದ್ಯೆಯನ್ನು ಮನಸ್ಸು ಬಿಚ್ಚಿ ಕಲಿಸಿದನು.

1916ರ ಮಾರ್ಚ್ 25ರಂದು ಕ್ಷಯರೋಗದಿಂದ ಇಶಿಯು ತೀರಿಕೊಂಡನು. 1923ರಲ್ಲಿ ಪೋಪನು ಬಿಲ್ವಿದ್ಯೆಯನ್ನು ಕುರಿತು ಬರೆದ ಪುಸ್ತಕದ ಮೂಲಕ ಆ ಕೌಶಲವು ಅನೇಕರನ್ನು ತಲಪಿತು. ಆದರೆ ಆ ಕಣಿವೆಗಳ ನೆನಪಿನಲ್ಲಿ ಬಹುಭಾಗವು ಇಶಿಯೊಡನೆಯೇ ಮಣ್ಣಾಯಿತು. ಒಂದು ಜನಾಂಗ ಅಳಿದಾಗ ಅದರೊಡನೆ ಅಳಿಯುವ ಅರಿವನ್ನು ಯಾವ ವಸ್ತುಸಂಗ್ರಹಾಲಯವೂ ಪೂರ್ಣವಾಗಿ ಕಾಪಿಡಲಾರದು.

ಇಂದು ಹಲವು ದೇಶಗಳಲ್ಲಿ ನಗರವಾಸಿಗಳು ಶಿಬಿರಗಳಿಗೆ ಹೋಗಿ ಬೆಂಕಿ ಕಡೆಯುವುದನ್ನು, ಸೊಪ್ಪುಸದೆಗಳ ಗುಡಿಸಲು ಕಟ್ಟುವುದನ್ನು ಕಲಿಯುತ್ತಾರೆ. ಬೆಂಕಿಕಡ್ಡಿ ಸಿಕ್ಕುವ ಕಾಲದಲ್ಲಿ ಈ ಶ್ರಮವೇಕೆ ಎಂದು ಕೇಳಬಹುದು. ಕಡ್ಡಿ ಗೀರುವವನು ಮರವನ್ನು ನೋಡಬೇಕಾಗಿಲ್ಲ, ಕಡೆಯುವವನು ನೋಡಲೇಬೇಕು. ಮರ, ಗಾಳಿ, ತೇವ, ಋತು ಇವೆಲ್ಲವನ್ನೂ ಗಮನಿಸದೆ ಅವನ ಕೆಲಸ ಸಾಗದು. ಹಾಗೆ ಗಮನಿಸಿದವನಿಗೆ ಕಾಡು ಅಪರಿಚಿತವಾಗಿ ಉಳಿಯುವುದಿಲ್ಲ. ಅನಾಗರಿಕವೆಂದು ಕರೆಯಲ್ಪಟ್ಟ ಆ ವಿದ್ಯೆಯ ಹಿರಿಮೆ ಇರುವುದು ಇಲ್ಲಿಯೇ.