ನಂದಿ ತಪ್ಪಲಿನ ವೈನು, ಕೋಲಾರ ಸೀಮೆಯ ಊಟ

ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ ಸುತ್ತಿನ ತೋಟಗಳಲ್ಲಿ ದ್ರಾಕ್ಷಿ ಬಹುಕಾಲದ ಬೆಳೆ. ಕರ್ನಾಟಕದ ಹಲವು ಹೆಸರಾಂತ ವೈನುಗಳು ಹುಟ್ಟಿದ್ದು ಈ ತಪ್ಪಲಿನಲ್ಲೇ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಅದು ಕೋಲಾರ ಜಿಲ್ಲೆಗೇ ಸೇರಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ದ್ರಾಕ್ಷಿಗಿಂತ ಮಾವು, ಟೊಮೆಟೊ, ಹುಣಸೆ, ರಾಗಿ ಹೆಚ್ಚು. ಆದರೆ ಕೆಂಪು ಮಣ್ಣು, ತಂಪು ರಾತ್ರಿ, ನೀರಿನ ಬರ, ಸಾರು-ಮುದ್ದೆಯ ಊಟ ಎರಡೂ ಕಡೆ ಒಂದೇ. ವೈನಿನ ಜೊತೆಗೆ ಏನು ತಿನ್ನಬೇಕು ಎಂದರೆ ಚೀಸ್, ಪಾಸ್ತಾ, ಸುಟ್ಟ ಮಾಂಸ ಎಂಬ ಉತ್ತರ ಸಾಮಾನ್ಯವಾಗಿ ಬರುತ್ತದೆ. ಖಾರ, ಹುಳಿ, ಜಿಡ್ಡು, ಸಿಹಿ ಈ ನಾಲ್ಕರ ಲೆಕ್ಕ ಗೊತ್ತಿದ್ದರೆ ಈ ನೆಲದ ವೈನಿಗೆ ಈ ನೆಲದ ಅಡುಗೆಯೇ ಒಳ್ಳೆಯ ಜೊತೆಯಾಗುತ್ತದೆ.

ನೆಲ, ಹವೆ, ಸವರುವ ಕಾಲ

ವೈನ್ ದ್ರಾಕ್ಷಿಗೆ ಹೆಸರಾದ ದಕ್ಷಿಣ ಫ್ರಾನ್ಸ್ ಸುಮಾರು 43-44 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಚಳಿಗಾಲ ಬಂತೆಂದರೆ ಬಳ್ಳಿ ಎಲೆ ಉದುರಿಸಿ ನಿದ್ರೆಗೆ ಜಾರುತ್ತದೆ. ನಂದಿ ತಪ್ಪಲು ಇರುವುದು 13 ಡಿಗ್ರಿಯ ಆಸುಪಾಸಿನಲ್ಲಿ. ಇಲ್ಲಿ ಬಳ್ಳಿಗೆ ನಿದ್ರೆಯೇ ಇಲ್ಲ, ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಹಾಗಾಗಿ ಅದರ ಋತುವನ್ನು ರೈತನ ಕತ್ತರಿ ನಿರ್ಧರಿಸುತ್ತದೆ. ವೈನ್ ತಳಿಗಳನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ. ಕೊಯ್ಲು ಮುಗಿದ ಮೇಲೆ ಏಪ್ರಿಲ್ ಹೊತ್ತಿಗೆ ಮೊದಲ ಸವರು. ಇದು ಹೊಸ ಕಡ್ಡಿ ಬೆಳೆಸುವುದಕ್ಕೆ. ಆ ಕಡ್ಡಿಯ ಕಣ್ಣುಗಳಲ್ಲಿ ಮುಂದಿನ ಫಸಲಿನ ಗೊಂಚಲು ರೂಪುಗೊಳ್ಳುತ್ತದೆ. ಮಳೆಗಾಲ ಇಳಿಯುವ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಎರಡನೆಯ ಸವರು. ಇದು ಹಣ್ಣಿಗೆ. ಹೀಗೆ ಮಾಡಿದರೆ ಕಾಯಿ ಬಲಿಯುವುದು ಒಣ ಹವೆಯಲ್ಲಿ, ಬೂಜು ರೋಗದ ಕಾಟವೂ ಕಡಿಮೆ. ಫೆಬ್ರವರಿ-ಮಾರ್ಚ್ ಹೊತ್ತಿಗೆ ಕೊಯ್ಲು.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ ಈ ನೆಲದ ದೊಡ್ಡ ಆಸ್ತಿ. ಹಗಲಿನ ಬಿಸಿಲು ಹಣ್ಣಿನಲ್ಲಿ ಸಕ್ಕರೆ ತುಂಬಿಸಿದರೆ, ರಾತ್ರಿಯ ತಂಪು ಹುಳಿಯನ್ನು ಕಾಪಾಡುತ್ತದೆ. ಹುಳಿ ಕಳೆದುಕೊಂಡ ಹಣ್ಣಿನ ವೈನು ಸಪ್ಪೆ. ನೀರಿನ ವಿಷಯದಲ್ಲಿ ಮಾತ್ರ ಈ ಸೀಮೆ ಬಡವಾಗಿದೆ. ವರ್ಷಪೂರ್ತಿ ಹರಿಯುವ ನದಿ ಇಲ್ಲ, ಕೆರೆ ಮತ್ತು ಆಳದ ಕೊಳವೆಬಾವಿಗಳೇ ಆಧಾರ. ಹನಿ ನೀರಾವರಿ ಇಲ್ಲಿ ಅನಿವಾರ್ಯ. ಬರ ಮತ್ತು ಉಪ್ಪುನೀರನ್ನು ತಡೆಯುವ ಡಾಗ್‌ರಿಡ್ಜ್ ಬೇರುಗಿಡದ ಮೇಲೆ ಬೇಕಾದ ತಳಿಯನ್ನು ಕಸಿ ಕಟ್ಟುವ ಪದ್ಧತಿ ಭಾರತದ ದ್ರಾಕ್ಷಿ ತೋಟಗಳಲ್ಲಿ ವ್ಯಾಪಕವಾಗಿದೆ.

ಊರಿನ ತಳಿ, ಹೊರಗಿನ ತಳಿ

ಈ ಭಾಗದ ಹಳೆಯ ತಳಿ ಬೆಂಗಳೂರು ಬ್ಲೂ. ಚಪ್ಪರದ ಮೇಲೆ ಹಬ್ಬಿಸುವ ಈ ದ್ರಾಕ್ಷಿಗೆ ದಪ್ಪ ಸಿಪ್ಪೆ, ಒಳಗೆ ಬೀಜ, ಕಡುನೀಲಿ ಬಣ್ಣ, ಬಾಯಿಗಿಡುವ ಮೊದಲೇ ಮೂಗಿಗೆ ತಟ್ಟುವ ಕಂಪು. ರೋಗ ತಡೆಯುವ ಶಕ್ತಿ ಹೆಚ್ಚು, ವರ್ಷಕ್ಕೆ ಎರಡು ಬೆಳೆ ತೆಗೆಯಬಹುದು. ಭೌಗೋಳಿಕ ಸೂಚಿಯ ಮಾನ್ಯತೆಯೂ ಇದಕ್ಕಿದೆ. ಜ್ಯೂಸಿಗೂ ಪೋರ್ಟ್ ಮಾದರಿಯ ಸಿಹಿ ವೈನಿಗೂ ಇದೇ ಮೂಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಂಗಳೂರು ಬ್ಲೂ ತಳಿಯನ್ನು ಬೇರೆ ತಳಿಗಳೊಂದಿಗೆ ಕೂಡಿಸಿ ಅರ್ಕಾ ಶ್ಯಾಮ್, ಅರ್ಕಾ ತೃಷ್ಣಾ ಮೊದಲಾದ ಹೊಸ ತಳಿಗಳನ್ನು ರೂಪಿಸಿದೆ.

ಫ್ರೆಂಚ್ ತಳಿಗಳು ಇಲ್ಲಿ ನೆಲೆ ಕಂಡದ್ದು ಉದ್ಯಮಿ ಕಂವಲ್ ಗ್ರೋವರ್ ಅವರ ಪ್ರಯತ್ನದಿಂದ. ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಹಲವು ತಳಿಗಳನ್ನು ನೆಟ್ಟು ನೋಡಿ, 1988ರಲ್ಲಿ ಅವರು ದೊಡ್ಡಬಳ್ಳಾಪುರದ ಬಳಿ ಗ್ರೋವರ್ ವೈನ್‌ಯಾರ್ಡ್ಸ್ ಸ್ಥಾಪಿಸಿದರು. 1990ರ ದಶಕದಲ್ಲಿ ಬೋರ್ಡೋ ಪ್ರಾಂತ್ಯದ ಹೆಸರಾಂತ ವೈನ್ ಸಲಹೆಗಾರ ಮಿಶೆಲ್ ರೊಲಾಂ ಜೊತೆಗೂಡಿದರು. ಕ್ಯಾಬರ್ನೆ ಸೊವಿನ್ಯೋಂ ಮತ್ತು ಶಿರಾಜ್ ತಳಿಗಳನ್ನು ಬೆರೆಸಿದ 'ಲಾ ರಿಸರ್ವ್' ಎಂಬ ಕೆಂಪು ವೈನು ಸಂಸ್ಥೆಗೆ ಹೆಸರು ತಂದಿತು. 2012ರಲ್ಲಿ ನಾಸಿಕ್ ಭಾಗದ ಝಾಂಪಾ ವೈನುಗಳ ಕಂಪನಿಯೊಂದಿಗೆ ಸೇರಿ ಇದು ಗ್ರೋವರ್ ಝಾಂಪಾ ಆಯಿತು.

ಈ ತೋಟಗಳ ಎರಡು ಮುಖ್ಯ ತಳಿಗಳಿಗೆ ದಕ್ಷಿಣ ಫ್ರಾನ್ಸಿನ ರೋನ್ ನದಿಯ ಕಣಿವೆಯೇ ತವರು. ಕಪ್ಪು ದ್ರಾಕ್ಷಿ ಶಿರಾಜ್ ಅಲ್ಲಿ ಸಿರಾ ಎನಿಸಿಕೊಂಡಿದೆ. ಅದರ ಹುಟ್ಟು ಆಗ್ನೇಯ ಫ್ರಾನ್ಸಿನ ಎರಡು ಹಳೆಯ ತಳಿಗಳ ಸಂಕರದಿಂದ ಎಂದು 1990ರ ದಶಕದ ಕೊನೆಯ ಡಿಎನ್‌ಎ ಪರೀಕ್ಷೆ ತೋರಿಸಿತು. ಬಿಳಿ ದ್ರಾಕ್ಷಿ ವಿಯೋನಿಯೇ 1960ರ ದಶಕದಲ್ಲಿ ತವರಿನಲ್ಲೇ ಅಳಿವಿನ ಅಂಚಿಗೆ ಬಂದಿತ್ತು. ಈಗ ಜಗತ್ತಿನ ಹಲವೆಡೆ ಮತ್ತೆ ಬೆಳೆಯುತ್ತಿದೆ, ನಂದಿ ತಪ್ಪಲಿನಲ್ಲೂ.

ಹಣ್ಣು ವೈನಾಗುವ ಬಗೆ

ಬೆಳಗಿನ ತಂಪಿನಲ್ಲೇ ಗೊಂಚಲು ಕೊಯ್ದು ಕ್ರೇಟುಗಳಲ್ಲಿ ತರುತ್ತಾರೆ. ಕೊಳೆತದ್ದು, ಬಲಿಯದ್ದು ಆರಿಸಿ ತೆಗೆದ ಮೇಲೆ ಯಂತ್ರ ತೊಟ್ಟು ಬಿಡಿಸಿ ಹಣ್ಣನ್ನು ಒಡೆಯುತ್ತದೆ. ಬಿಳಿ ವೈನಿಗೆ ರಸವನ್ನು ಕೂಡಲೇ ಹಿಂಡಿ, ಸಿಪ್ಪೆ ಬೇರ್ಪಡಿಸಿ, ಸ್ಟೀಲ್ ಟ್ಯಾಂಕುಗಳಲ್ಲಿ ತಂಪಾಗಿ ಹುದುಗಿಸುತ್ತಾರೆ. ಹಣ್ಣಿನ ಕಂಪು ಉಳಿಯುವುದು ಈ ತಂಪಿನಿಂದ. ಕೆಂಪು ವೈನಿಗೆ ಸಿಪ್ಪೆ, ಬೀಜ ಸಮೇತ ಹುದುಗಿಸಬೇಕು. ಬಣ್ಣ ಮತ್ತು ಒಗರು ಇರುವುದು ಅವುಗಳಲ್ಲಿ. ಹುದುಗು ಏಳುವಾಗ ಹೊಮ್ಮುವ ಅನಿಲ ಸಿಪ್ಪೆಗಳನ್ನೆಲ್ಲ ಮೇಲಕ್ಕೆ ತಳ್ಳಿ ದಪ್ಪ ಪದರವಾಗಿಸುತ್ತದೆ. ದಿನಕ್ಕೆ ಹಲವು ಸಲ ಆ ಪದರವನ್ನು ಕೆಳಕ್ಕೆ ಒತ್ತುತ್ತಾರೆ, ಇಲ್ಲವೇ ಅಡಿಯ ರಸವನ್ನು ಪಂಪ್ ಮಾಡಿ ಅದರ ಮೇಲೆ ಸುರಿಯುತ್ತಾರೆ. ರೊಸೇ ವೈನಿಗೆ ಕಪ್ಪು ದ್ರಾಕ್ಷಿಯ ಸಿಪ್ಪೆಯನ್ನು ಕೆಲವೇ ಗಂಟೆ ರಸದಲ್ಲಿ ಬಿಟ್ಟು ತೆಗೆಯುತ್ತಾರೆ. ಹಾಗಾಗಿ ತಿಳಿ ಗುಲಾಬಿ ಬಣ್ಣ, ಒಗರು ಅತಿ ಕಡಿಮೆ. ಆಯ್ದ ಕೆಂಪು ವೈನನ್ನು ಓಕ್ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಮಾಗಿಸುತ್ತಾರೆ.

ಸಾರಿನ ಖಾರ, ಹುಣಸೆಯ ಹುಳಿ

ಜೊತೆ ಕೂಡಿಸುವ ಮೂಲಸೂತ್ರಗಳು ನಾಲ್ಕು. ಮದ್ಯಸಾರವೂ ಒಗರೂ ಮೆಣಸಿನಕಾಯಿಯ ಉರಿಯನ್ನು ಏರಿಸುತ್ತವೆ, ತುಸು ಸಿಹಿ ಅದನ್ನು ತಣಿಸುತ್ತದೆ. ಊಟದಷ್ಟಾದರೂ ಹುಳಿ ವೈನಿನಲ್ಲಿರಬೇಕು. ಮಾಂಸದ ಜಿಡ್ಡು ಕೆಂಪು ವೈನಿನ ಒಗರನ್ನು ಮೆದುಗೊಳಿಸುತ್ತದೆ. ಸಿಹಿತಿಂಡಿಗಿಂತ ವೈನು ಸಿಹಿಯಾಗಿರಬೇಕು.

ಕೋಲಾರ ಸೀಮೆಯಲ್ಲಿ ಎರಡನೆಯ ಸೂತ್ರಕ್ಕೆ ವಿಶೇಷ ಮಹತ್ವವಿದೆ. ದ್ರಾಕ್ಷಿಯ ಮುಖ್ಯ ಆಮ್ಲ ಟಾರ್ಟಾರಿಕ್ ಆಮ್ಲ. ಹಣ್ಣುಗಳಲ್ಲಿ ಅಪರೂಪವಾದ ಈ ಆಮ್ಲವೇ ಹುಣಸೆಯ ಹುಳಿಗೂ ಮೂಲ. ಬಸ್ಸಾರು, ಹುಳಿಸಾರುಗಳ ಹುಣಸೆ ನಾಲಿಗೆಯ ಮೇಲಿರುವಾಗ ಹುಳಿ ಕಡಿಮೆಯಾದ ವೈನು ಗುಟುಕರಿಸಿದರೆ ನೀರು ಬೆರೆಸಿದಂತೆ ತೆಳುವಾಗುತ್ತದೆ. ಇಂಥ ಸಾರಿಗೆ ಹುಳಿ ಚುರುಕಾದ ಸೊವಿನ್ಯೋಂ ಬ್ಲಾಂ ಅಥವಾ ತುಸು ಸಿಹಿ ಉಳಿಸಿದ ಶೆನಿನ್ ಬ್ಲಾಂ ಎಂಬ ಬಿಳಿ ವೈನು ಹೊಂದುತ್ತದೆ. ಖಾರ ಮುಂದಾಗಿರುವ ಉಪ್ಸಾರಿಗೆ ಶೆನಿನ್ ಮೇಲು. ಟೊಮೆಟೊ ಸಾರು, ದಪ್ಪಮೆಣಸಿನಕಾಯಿ ಪಲ್ಯಗಳಿಗೆ ಸೊವಿನ್ಯೋಂ ಬ್ಲಾಂ ಸಹಜ ಜೊತೆ. ದಪ್ಪಮೆಣಸಿನಕಾಯಿಯ ಹಸಿರು ವಾಸನೆಗೆ ಕಾರಣವಾದ ಪೈರಜಿನ್ ಎಂಬ ಅಂಶ ಈ ದ್ರಾಕ್ಷಿಯಲ್ಲೂ ಇದೆ. ಮುದ್ದೆ ರುಚಿಯಲ್ಲಿ ಸೌಮ್ಯವಾದ್ದರಿಂದ ವೈನನ್ನು ಆರಿಸುವಾಗ ಸಾರನ್ನು ನೋಡಿದರೆ ಸಾಕು.

ಚಳಿಗಾಲದ ಹಿತಕಿದವರೆ ಸಾರಿನದು ಬೇರೆ ಲೆಕ್ಕ. ಮಂಜು ಬಿದ್ದಷ್ಟೂ ಏರುವ ಅವರೆಯ ಸೊಗಡು, ರುಬ್ಬಿದ ತೆಂಗಿನಕಾಯಿ, ಚಕ್ಕೆ-ಲವಂಗಗಳ ಮಸಾಲೆ ಸೇರಿ ಸಾರು ಗಟ್ಟಿಯಾಗಿ, ಘಮಘಮಿಸುತ್ತಿರುತ್ತದೆ. ಮಾಗಿದ ಜರ್ದಾಳು ಮತ್ತು ಹೂವಿನ ಕಂಪಿನ, ಬಾಯಲ್ಲಿ ತುಂಬಿ ನಿಲ್ಲುವ ವಿಯೋನಿಯೇ ಇದಕ್ಕೆ ಸರಿಸಾಟಿ. ಹುಣಸೆ ಹೆಚ್ಚು ಬಿದ್ದರೆ ಮಾತ್ರ ಇದು ಸೋಲುತ್ತದೆ, ಏಕೆಂದರೆ ವಿಯೋನಿಯೇಗೆ ಹುಳಿ ಕಡಿಮೆ.

ಮುಳಬಾಗಿಲು ದೋಸೆ ದಪ್ಪ. ಹೊರಗೆ ಹೊಂಬಣ್ಣದ ಗರಿ, ಒಳಗೆ ಮೃದು. ಒಳಬದಿಗೆ ಕೆಂಪು ಚಟ್ನಿ, ಮೇಲೆ ಆಲೂಗಡ್ಡೆ ಪಲ್ಯ, ಧಾರಾಳ ತುಪ್ಪ. ತುಪ್ಪದ ಜಿಡ್ಡನ್ನು ನಾಲಿಗೆಯಿಂದ ತೊಳೆಯಲು ಗುಳ್ಳೆಯೇಳುವ ಸ್ಪಾರ್ಕ್ಲಿಂಗ್ ವೈನಿಗಿಂತ ಬೇರೆ ಬೇಡ. ಬೋಂಡ, ವಡೆಯಂಥ ಕರಿದ ತಿಂಡಿಗೂ ಅದೇ.

ನಾಟಿಕೋಳಿ ಸಾರಿಗೆ ಒಗರಿಲ್ಲದ, ತಂಪಾದ ರೊಸೇ ಹಿತ. ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತ್ಯದಲ್ಲೂ ಬೆಳ್ಳುಳ್ಳಿ ಹಾಕಿದ ಮೀನಿನ ಸಾರಿಗೆ ರೊಸೇ ಕುಡಿಯುವುದುಂಟು. ಕಾಳುಮೆಣಸು ಮುಂದಾಗಿರುವ ಮಟನ್ ಸಾರು, ಕಾಲು ಸೂಪು, ಕೈಮಾ ಉಂಡೆಗೆ ಶಿರಾಜ್ ಅಥವಾ ಕ್ಯಾಬರ್ನೆ-ಶಿರಾಜ್ ಒಪ್ಪುತ್ತದೆ. ಇದರ ಹಿಂದೆ ರಸಾಯನಶಾಸ್ತ್ರದ ಆಧಾರವಿದೆ. ಶಿರಾಜ್ ವೈನಿನ ಮೆಣಸಿನ ಘಾಟಿಗೆ ಕಾರಣ ರೊಟಂಡೋನ್ ಎಂಬ ಸಂಯುಕ್ತ, ಕಾಳುಮೆಣಸಿನಲ್ಲೂ ಅದೇ ಇದೆ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಅಡುಗೆಗೆ ಒಣಮೆಣಸಿನಕಾಯಿ ಕಡಿಮೆ ಮಾಡಿ ಕಾಳುಮೆಣಸು ಹೆಚ್ಚಿಸಿದರೆ ಕೆಂಪು ವೈನಿನ ಜೊತೆ ಇನ್ನೂ ಹದವಾಗುತ್ತದೆ.

ಬೇಸಿಗೆಯಲ್ಲಿ ಶ್ರೀನಿವಾಸಪುರದ ಮಂಡಿಗಳಿಗೆ ಮಾವು ಬರುತ್ತದೆ. ಬಾದಾಮಿ, ರಸಪುರಿ ಹಣ್ಣಿಗೆ, ಸೀಕರಣೆಗೆ, ತಡವಾಗಿ ಕೊಯ್ದು ಸಕ್ಕರೆ ತುಂಬಿಸಿಕೊಂಡ ಶೆನಿನ್ ದ್ರಾಕ್ಷಿಯ ಸಿಹಿ ವೈನು ತಕ್ಕದ್ದು. ಸಿಹಿಯಿಲ್ಲದ ವೈನು ಮಾವಿನ ಎದುರು ಕಹಿಯೆನಿಸುತ್ತದೆ. ಬೆಲ್ಲದ ಹೂರಣದ ಹೋಳಿಗೆಗೆ ಬೆಂಗಳೂರು ಬ್ಲೂ ದ್ರಾಕ್ಷಿಯ ಪೋರ್ಟ್ ಮಾದರಿಯ ಸಿಹಿ ವೈನು ಚೆನ್ನ.

ಬಡಿಸುವ ಹದ

ಬಿಳಿ, ರೊಸೇ, ಸ್ಪಾರ್ಕ್ಲಿಂಗ್ ವೈನುಗಳು 8ರಿಂದ 12 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಕೆಂಪು ವೈನು 15ರಿಂದ 18 ಡಿಗ್ರಿಯಲ್ಲಿ ರುಚಿ. ಕೋಲಾರದ ಬೇಸಿಗೆಯ ಮನೆಯೊಳಗಿನ ಸೆಕೆ ಇದಕ್ಕಿಂತ ಬಹಳ ಹೆಚ್ಚು, ಆದ್ದರಿಂದ ಕೆಂಪು ವೈನನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಬೇಕು. ತೆರೆದ ಬಾಟಲಿಗೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು-ಮೂರು ದಿನ ತಡೆಯುತ್ತದೆ. ಹೆಚ್ಚಿನ ವೈನುಗಳಲ್ಲಿ ಮದ್ಯಸಾರ ಶೇಕಡಾ 12ರಿಂದ 14ರಷ್ಟಿದ್ದು, ಪೋರ್ಟ್ ಮಾದರಿಯವುಗಳಲ್ಲಿ ಇನ್ನೂ ಹೆಚ್ಚಿರಬಹುದು. ಗರ್ಭಿಣಿಯರಿಗೆ, ವಾಹನ ನಡೆಸುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಇದು ಸಲ್ಲದು. ಕುಡಿಯುವವರೂ ಊಟದ ಜೊತೆಗೆ ಸ್ವಲ್ಪವೇ, ನಿಧಾನವಾಗಿ ಗುಟುಕರಿಸಿದಾಗ ಮಾತ್ರ ವೈನಿನ ರುಚಿಯೂ ಸಾರಿನ ರುಚಿಯೂ ತಿಳಿಯುತ್ತದೆ.