ವೀಸಾ ಮುಗಿದ ಮೇಲೆ ಊರಿಗೆ ಹೋಗಿಬರಬಹುದೇ?

ಪ್ರಶ್ನೆ: ನಾನು ಅಮೆರಿಕದ ಪ್ರಜೆ. ಪ್ರವಾಸಿ ವೀಸಾದಲ್ಲಿ ಬಂದ ಹೆಂಡತಿಯ ವಾಸದ ಅವಧಿ ಮುಗಿದು ವರ್ಷ ದಾಟಿದೆ. ‘ಬೆಂಗಳೂರಿಗೆ ಹೋಗಿ ಹೊಸ ವೀಸಾ ತನ್ನಿ’ ಎನ್ನುತ್ತಾರೆ ಏಜೆಂಟರು. ಹೋಗಬಹುದೇ?

ಉತ್ತರ: ದಯವಿಟ್ಟು ಟಿಕೆಟ್ ತೆಗೆಸಬೇಡಿ. ಐ-94 ಪ್ರವೇಶ ದಾಖಲೆಯಲ್ಲಿರುವ ವಾಸದ ಕೊನೆಯ ದಿನಾಂಕ ಕಳೆದು 180 ದಿನ ಮೀರಿ ಉಳಿದು ಹೊರಟವರು 3 ವರ್ಷ, ಒಂದು ವರ್ಷ ತುಂಬಿದವರು 10 ವರ್ಷ ಮರಳುವಂತಿಲ್ಲ. 1996ರ ಕಾನೂನಿನ ಈ ನಿರ್ಬಂಧ ತಗಲುವುದೇ ದೇಶ ಬಿಟ್ಟಾಗ. ವಿನಾಯಿತಿ ಉಂಟು, ಸಿಗುವುದು ಕಷ್ಟ. ಇಂಥ ಸಲಹೆ ಸಂಸಾರವನ್ನೇ ಒಡೆಯುತ್ತದೆ.

ನಿಮ್ಮ ಹೆಂಡತಿ ತಪಾಸಣೆಗೊಳಗಾಗಿ ಸಕ್ರಮವಾಗಿ ಬಂದಿದ್ದರೆ, ಪ್ರಜೆಯ ಪತ್ನಿಗೆ ಅವಧಿ ಮೀರಿದ ವಾಸವೊಂದೇ ಅಡ್ಡಿಯಾಗದು. ಐ-130 (ಸಂಬಂಧಿಯ ಪರ ಅರ್ಜಿ), ಐ-485 (ಕಾಯಂ ವಾಸದ ಅರ್ಜಿ) ಎರಡನ್ನೂ ಒಟ್ಟಿಗೆ ಸಲ್ಲಿಸಿ ಅಮೆರಿಕದಲ್ಲಿದ್ದುಕೊಂಡೇ ಗ್ರೀನ್ ಕಾರ್ಡ್ ಕೇಳಬಹುದು. ಅರ್ಜಿ ಹಾಕುವ ಮುನ್ನ, ಪರವಾನಗಿ ಇರುವ ವಲಸೆ ವಕೀಲರಿಗೆ ಎಲ್ಲ ಕಾಗದ ತೋರಿಸಿ. ಏಜೆಂಟರ ರಸೀದಿ, ಸಂದೇಶಗಳನ್ನೂ ಒಯ್ಯಿರಿ.