ಗಾಳಿಗೆ ಸಿಕ್ಕ ಹೇಂಟೆ

ಯುದ್ಧವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ರಣಭೂಮಿ. ಆದರೆ ಜಪಾನಿನ ಯಾಸುಜಿರೊ ಓಝು ಅವರು 1948ರಲ್ಲಿ ನಿರ್ದೇಶಿಸಿದ ಒಂದು ಚಿತ್ರದಲ್ಲಿ ಗುಂಡಿನ ಸದ್ದೇ ಇಲ್ಲ. ಅದರ ಹೆಸರನ್ನು ಕನ್ನಡಿಸಿದರೆ 'ಗಾಳಿಯಲ್ಲೊಂದು ಹೇಂಟೆ' ಎಂದಾದೀತು.

ಮಹಾಯುದ್ಧ ಮುಗಿದಿದೆ, ಸೈನಿಕನಾಗಿ ಹೋದ ಶುಇಚಿ ಮಾತ್ರ ಇನ್ನೂ ಮರಳಿಲ್ಲ. ಪತ್ನಿ ಟೊಕಿಕೊ ಟೋಕಿಯೊದ ಬಡ ಬಡಾವಣೆಯೊಂದರಲ್ಲಿ ಬಾಡಿಗೆಯ ಮಹಡಿಕೋಣೆಯಲ್ಲಿ ಪುಟ್ಟ ಮಗನೊಡನೆ ದಿನ ನೂಕುತ್ತಾಳೆ. ಬೆಲೆಗಳು ಗಗನಕ್ಕೇರಿವೆ. ಉಡುವ ಕಿಮೊನೊಗಳನ್ನು ಒಂದೊಂದಾಗಿ ಮಾರಿಯಾಗಿದೆ. ಆ ವೇಳೆಗೆ ಮಗು ಕಾಯಿಲೆ ಬೀಳುತ್ತದೆ. ಆಸ್ಪತ್ರೆಯ ಹಣಕ್ಕೆ ದಾರಿ ಕಾಣದೆ ಆ ತಾಯಿ ಒಂದೇ ಒಂದು ರಾತ್ರಿ ತನ್ನ ಶರೀರವನ್ನು ಮಾರಿಕೊಳ್ಳುತ್ತಾಳೆ. ಮಗು ಉಳಿಯುತ್ತದೆ, ಪತಿಯೂ ಬರುತ್ತಾನೆ. ಹಣ ಎಲ್ಲಿಂದ ಬಂತೆಂಬ ಅವನ ಪ್ರಶ್ನೆಗೆ ಆಕೆ ಸುಳ್ಳಾಡಲಾರಳು.

ಶುಇಚಿ ಆ ಮನೆಯನ್ನು ಹುಡುಕಿಕೊಂಡು ಹೋಗುತ್ತಾನೆ. ಅಲ್ಲಿ ಕಂಡ ಇಪ್ಪತ್ತೊಂದು ವರ್ಷದ ತರುಣಿಯ ಕಥೆ ಕೇಳಿ ಕರಗುತ್ತಾನೆ. ಅವಳಿಗೊಂದು ನೌಕರಿ ಕೊಡಿಸಲು ಮುಂದಾಗುತ್ತಾನೆ. ಪರರ ಮಗಳನ್ನು ಕ್ಷಮಿಸಬಲ್ಲವನು ಮನೆಯಾಕೆಯನ್ನು ಕ್ಷಮಿಸಲಾರ! ಸೂಳೆ ಸಂಕವ್ವೆಗೂ ಶರಣರ ಬಳಗದಲ್ಲಿ ಸ್ಥಾನವಿದ್ದಿತೆಂದು ಹೆಮ್ಮೆಪಡುವ ನಾವು ಇಲ್ಲಿ ತುಸು ತಡೆದು ನಿಲ್ಲಬೇಕಾಯಿತು. ಬಳಗದಲ್ಲಿ ಸ್ಥಾನ ಕೊಡುವುದು ಒಂದು, ನಮ್ಮ ಹೊಸ್ತಿಲೊಳಗೆ ಕೊಡುವುದು ಇನ್ನೊಂದು.

ಕೋಪದ ಭರದಲ್ಲಿ ಅವನು ತಳ್ಳಿದಾಗ ಟೊಕಿಕೊ ಕಡಿದಾದ ಮೆಟ್ಟಿಲುಗಳಿಂದ ಉರುಳಿ ಬೀಳುತ್ತಾಳೆ. ಅವನು ನಾಲ್ಕು ಮೆಟ್ಟಿಲಿಳಿದು ಕೂಗುತ್ತಾನೆಯೇ ಹೊರತು ಹತ್ತಿರ ಹೋಗಿ ಎತ್ತುವುದಿಲ್ಲ. ಆಕೆಯೇ ಎದ್ದು ಕುಂಟುತ್ತ ಮೇಲೇರಿ ಬರುತ್ತಾಳೆ. ಬಂದು, ಕ್ಷಮೆಯನ್ನೂ ತಾನೇ ಬೇಡುತ್ತಾಳೆ. ನಮಗೆ ಸಹಿಸಲಾಗದ್ದು ಇದೇ. ಅಷ್ಟು ವರ್ಷ ದೂರದಲ್ಲಿ ನೀನೇನು ಕಂಡೆ, ಏನು ಮಾಡಿದೆಯೆಂದು ಶುಇಚಿಯನ್ನು ಕೇಳುವವರೇ ಇಲ್ಲ.

ಓಝು ಅವರೂ ಸೈನಿಕರಾಗಿ 1937ರಿಂದ 1939ರವರೆಗೆ ಚೀನಾದಲ್ಲಿದ್ದವರು. ಯುದ್ಧ ಮುಗಿದಾಗ ಸಿಂಗಪುರದಲ್ಲಿದ್ದು, ತಾಯ್ನಾಡಿಗೆ ಮರಳಿದ್ದು 1946ರಲ್ಲಿ. ಮುಂದೆ 1953ರಲ್ಲಿ 'ಟೋಕಿಯೊ ಕಥೆ'ಯನ್ನು ನಿರ್ದೇಶಿಸಿದ ಅವರು ಈ ಚಿತ್ರವನ್ನು ತಮ್ಮ ಸೋಲುಗಳಲ್ಲೊಂದೆಂದೇ ಎಣಿಸಿದರು. ನಾವು ಒಪ್ಪಲಾರೆವು. ಟೊಕಿಕೊ ಆಗಿ ಕಿನುಯೊ ತನಾಕಾ ಅವರ ಅಭಿನಯವೊಂದೇ ಸಾಕು, ಚಿತ್ರ ಮನಸ್ಸಿನಲ್ಲಿ ನಿಲ್ಲಲು.

ಕಡೆಗೆ ಶುಇಚಿ ಎಲ್ಲವನ್ನೂ ಮರೆಯೋಣವೆಂದು ಅವಳನ್ನು ಅಪ್ಪಿಕೊಳ್ಳುತ್ತಾನೆ. ಮುಖಗಳು ನಮಗೆ ನೆನಪುಳಿಯಲಿಲ್ಲ. ಉಳಿದದ್ದು ಅವನ ಬೆನ್ನ ಹಿಂದೆ ಪ್ರಾರ್ಥನೆಯಂತೆ ಬಿಗಿದು ಹೆಣೆದುಕೊಂಡ ಅವಳ ಎರಡು ಕೈಗಳು.